ಮ್ಯಾನೇಜರ್ರ ಎಡಗೈ

ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಕಡೆ ಬ್ಯಾಂಕಿನ ಯಾವ ಕುರ್ಚಿಯಲ್ಲಿ ಕೂತು ನಿವೃತ್ತರಾದರೂ ಊರವರ ಬಾಯಲ್ಲಿ ಅವರು ಮ್ಯಾನೇಜರ್ರೇ. ಬ್ಯಾಂಕುಗಳ ತವರು ತಾನೇ ಇದು. 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕ್ ಕಟ್ಟಿದರು. 1925ರಲ್ಲಿ ಅದೇ ಊರಲ್ಲಿ ಸಿಂಡಿಕೇಟ್ ಹುಟ್ಟಿ, ಆಮೇಲೆ ಮಣಿಪಾಲದ ಗುಡ್ಡ ಹತ್ತಿತು. 2020ರ ಏಪ್ರಿಲ್ ಒಂದರಂದು ಎರಡೂ ಬೇರೆ ಬ್ಯಾಂಕುಗಳ ಹೊಟ್ಟೆ ಸೇರಿದವು. ಬೋರ್ಡು ಹೋಯಿತು, ಪೆನ್ಶನ್ ಉಳಿಯಿತು, ಮ್ಯಾನೇಜರ್ರು ಉಳಿದರು.

ಇವರಲ್ಲಿ ಕೆಲವರು ತೆಂಗಿನ ತೋಟಕ್ಕೆ ಬೀಳುತ್ತಾರೆ, ಕೆಲವರು ಜೀರ್ಣೋದ್ಧಾರ ಸಮಿತಿಯ ಲೆಕ್ಕಪತ್ರಕ್ಕೆ. ಇನ್ನು ಕೆಲವರು ಸಂಗೀತಕ್ಕೆ ಮರಳುತ್ತಾರೆ. ಮರಳುವುದು ಎಂಬುದನ್ನು ಒತ್ತಿಯೇ ಹೇಳುತ್ತಾರೆ. "ಹೊಸತಾಗಿ ಕಲಿಯುದಲ್ಲ ಮಾರಾಯ್ರೆ, ಸಣ್ಣದಿರುವಾಗ ಬಾರಿಸ್ತಿದ್ದೆ. ಖಾತೆ ಹಳೇದೇ ಉಂಟು, ವಹಿವಾಟು ಇರ್ಲಿಲ್ಲ ಅಷ್ಟೆ."

ನಮ್ಮ ಮ್ಯಾನೇಜರ್ರ ಖಾತೆ ತೆರೆದದ್ದು ಕಾರ್ಕಳದ ಒಂದು ಭಜನಾ ಮಂದಿರದಲ್ಲಿ. ಅಲ್ಲಿನ ಹಾರ್ಮೋನಿಯಂ ಪೆಟ್ಟಿಗೆಯನ್ನು ದೊಡ್ಡವರ ಹೆಗಲ ಸಂದಿನಿಂದ ನೋಡಿ ನೋಡಿ ಕಲಿತದ್ದು. ಆಗಿನ್ನೂ ಗಂಟಲು ಒಡೆಯದ ಹುಡುಗ. ಷಡ್ಜ ಬಿಳಿ ಐದರಲ್ಲಿ. ಬಳಿಕ ಬ್ಯಾಂಕು, ಬಿಹಾರ, ಉತ್ತರಪ್ರದೇಶ, ಪ್ರಮೋಶನ್ನು, ಮದುವೆ, ಮತ್ತೆ ಟ್ರಾನ್ಸ್‌ಫರ್. ಕೊನೆಗೆ ಕಾಪುವಿನಲ್ಲಿ, ಕಡಲಿನ ಸದ್ದು ಕೇಳುವಷ್ಟು ಹತ್ತಿರ, ಒಂದು ತಾರಸಿ ಮನೆ.

ಟೊರಾಂಟೊದ ಮಗನೊಡನೆ ಫೋನಿನಲ್ಲಿ ಬಾಯ್ತಪ್ಪಿ ಪೆಟ್ಟಿಗೆಯ ವಿಷಯ ಎತ್ತಿದ್ದೇ ಕಾರಣವಾಯಿತು. ವಾರ ಕಳೆಯುವುದರೊಳಗೆ ಎಂಬತ್ತೆಂಟು ಕೀಗಳ ಡಿಜಿಟಲ್ ಪಿಯಾನೋ ಮನೆಬಾಗಿಲಿಗೆ ಬಂತು. "ಪ್ರಾಯ ಆದ ಮೇಲೆ ಮೆದುಳಿಗೆ ಒಳ್ಳೇದಂತೆ ಅಪ್ಪ." ಹೆಂಡತಿ ಅದರ ಉದ್ದ ನೋಡಿ, "ಇದರ ಮೇಲೆ ಆರು ಎಲೆ ಹಾಕಿ ಬಡಿಸ್ಬಹುದಿತ್ತು" ಎಂದು ಕಸೂತಿಯ ಬಟ್ಟೆಯೊಂದನ್ನು ಹೊದೆಸಿದರು.

ಕಲಿಯಲು ಮಣಿಪಾಲ. ಕಾಪುವಿನಿಂದ ಉಡುಪಿಗೊಂದು ಬಸ್ಸು, ಅಲ್ಲಿಂದ ಮೇಲಕ್ಕೆ ಇನ್ನೊಂದು. ತರಗತಿಯ ಬೀಗ ತೆಗೆಯುವ ಮೊದಲೇ ಮ್ಯಾನೇಜರ್ರು ಮೆಟ್ಟಿಲ ಮೇಲೆ ಹಾಜರು, ಕಂಕುಳಲ್ಲಿ ಫೈಲು. ಕಲಿಸುವವಳು ಮೊಮ್ಮಗಳ ಪ್ರಾಯದವಳು. ಅವಳು "ಅಂಕಲ್" ಎನ್ನುತ್ತಾಳೆ, ಇವರು "ಮೇಡಂ" ಎನ್ನುತ್ತಾರೆ. ಸಹಪಾಠಿಗಳು ಹಾಲುಹಲ್ಲು ಬಿದ್ದವರು. ಅವರೆಲ್ಲ ಟ್ರಿನಿಟಿಯ ಗ್ರೇಡ್ ಪರೀಕ್ಷೆಗೆ ತಯಾರಾಗುತ್ತಿದ್ದಾರೆ. ಪರೀಕ್ಷೆ ಎಂದೊಡನೆ ಮ್ಯಾನೇಜರ್ರ ಕಿವಿ ನೆಟ್ಟಗಾಯಿತು. "ಸಿಎಐಐಬಿ ಪಾಸಾದ್ರೆ ನಮ್ಗೆ ಇನ್‌ಕ್ರಿಮೆಂಟ್ ಇತ್ತು. ಇದಕ್ಕೆ ಎಂತ ಉಂಟು?" ಏನೂ ಇಲ್ಲವೆಂದು ತಿಳಿದ ಮೇಲೆ ಪಾಠದ ಪುಸ್ತಕವನ್ನು ಸ್ವಲ್ಪ ಹಗುರವಾಗಿ ಮುಚ್ಚಿದರು. ಆದರೆ ಅಭ್ಯಾಸ ಬಿಡಲಿಲ್ಲ. 1928ರಲ್ಲಿ ಸಿಂಡಿಕೇಟ್ ಶುರುಮಾಡಿದ ಪಿಗ್ಮಿ ಠೇವಣಿಯ ಹಾಗೆ ದಿನಾ ಇಷ್ಟಿಷ್ಟು ಕಟ್ಟುವುದು, ಡೈರಿಯಲ್ಲಿ ಬರೆದಿಡುವುದು.

ತೊಂದರೆ ಕೊಟ್ಟದ್ದು ಎಡಗೈ. ಬಲಗೈ ಹಳೆಯ ಅಲಂಕಾರಗಳನ್ನೆಲ್ಲ ನೆನಪಿಟ್ಟಿತ್ತು. ಸ್ವಲ್ಪ ಎಣ್ಣೆ ಬಿಟ್ಟರೆ ಸಾಕಿತ್ತು. ಎಡಗೈಗೂ ನೆನಪಿತ್ತು, ಆದರೆ ಅದು ಕಲಿತದ್ದು ತಿದಿ ಒತ್ತುವುದನ್ನು ಮಾತ್ರ. ಮೇಡಂ "ಲೆಫ್ಟ್ ಹ್ಯಾಂಡ್, ಅಂಕಲ್" ಎಂದಾಗ ಕೈ ಕೀಗಳ ಮೇಲೆ ಬರುತ್ತದೆ, ಎರಡು ಸ್ವರ ನುಡಿಸುತ್ತದೆ, ಮೂರನೆಯದಕ್ಕೆ ಮೆಲ್ಲನೆ ಜಾರಿ ಪಿಯಾನೋದ ಹಿಂದೆ ಗಾಳಿಯನ್ನು ನೂಕತೊಡಗುತ್ತದೆ. ನಾಲ್ಕೂ ಬೆರಳು ಜೋಡಿಸಿ, ಹೆಬ್ಬೆರಳು ಅಂಚಿಗೆ ಊರಿ, ಒತ್ತಿ, ಬಿಟ್ಟು, ಒತ್ತಿ. ಹಾಲುಹಲ್ಲಿನವರು ಕಿಸಕ್ಕನೆ ನಗುತ್ತಾರೆ. ಮ್ಯಾನೇಜರ್ರು ಗಂಭೀರವಾಗಿ ಇತಿಹಾಸ ತೆಗೆಯುತ್ತಾರೆ. ಪ್ಯಾರಿಸ್ಸಿನ ಹಾರ್ಮೋನಿಯಂಗೆ ಗಾಳಿ ಹಾಕುತ್ತಿದ್ದದ್ದು ಕಾಲು, ಕೈ ಎರಡೂ ಖಾಲಿ. ನಾವು ಚಾಪೆಯ ಮೇಲೆ ಕೂರುವ ಜನ ಎಂದು 1875ರ ಸುಮಾರಿಗೆ ಕಲ್ಕತ್ತೆಯ ದ್ವಾರಕಾನಾಥ ಘೋಷರು ತಿದಿಯನ್ನು ಪೆಟ್ಟಿಗೆಯ ಹಿಂದಕ್ಕೆ ತಂದರು; ಅಂದಿನಿಂದ ಈ ದೇಶದ ಎಡಗೈಗೆ ಸ್ವರ ತಪ್ಪಿತು. "ಹಾಗಾಗಿ ಇದು ನನ್ನ ತಪ್ಪಲ್ಲ ಮೇಡಂ, ಘೋಷರದ್ದು."

ಇಂಥ ದಾಖಲೆಗಳು ಅವರ ಫೈಲಿನಲ್ಲಿ ಬೇಕಾದಷ್ಟಿವೆ. ಗಮಕ ಬರುತ್ತಿಲ್ಲವೆಂದು ಯಾರಾದರೂ ಮುಖ ಕಿವುಚಿದರೆ ಆಕಾಶವಾಣಿಯನ್ನು ಸಾಕ್ಷಿಗೆ ಕರೆಯುತ್ತಾರೆ. ಕಟ್ಟಿದ ಸ್ವರದಲ್ಲಿ ಗಮಕ, ಮೀಂಡ್ ಹುಟ್ಟದೆಂದು 1940ರಲ್ಲಿ ಅದು ಹಾರ್ಮೋನಿಯಂಗೆ ಬಾಗಿಲು ಹಾಕಿತು. ರವೀಂದ್ರನಾಥ ಠಾಕೂರರಿಗೂ ಅದು ಸರಿ ಕಂಡಿತ್ತು. ತೆರೆಯಲು ಶುರುವಾದದ್ದು 1971ರಲ್ಲಿ. ನಿಷೇಧದ ಕತೆ ಹೇಳುವಾಗ ಮ್ಯಾನೇಜರ್ರ ಮುಖದಲ್ಲಿ ಒಂಥರಾ ನೆಮ್ಮದಿ. ಇಷ್ಟು ದೊಡ್ಡವರೇ ಆಗುವುದಿಲ್ಲ ಎಂದ ಮೇಲೆ ತನ್ನಿಂದ ಆಗದಿದ್ದರೆ ಯಾವ ಆಡಿಟರ್ ಕೇಳುತ್ತಾನೆ?

ನನ್ನನ್ನು ಕೇಳಿದರೆ ಇವರಿಗೆ ಪಾಠಕ್ಕಿಂತ ಈ ವಾದಗಳೇ ಹೆಚ್ಚು ರುಚಿ. ತಪ್ಪೇನಿಲ್ಲ. ಹಾಡಲಿಕ್ಕೆ ಶುರುಮಾಡುವ ತನಕ ಯಾರಿಗೂ ಉಪದ್ರವಿಲ್ಲ.

ಹಾಡುವಾಗ ಇನ್ನೊಂದು ಪೇಚು. ಬೆರಳುಗಳಿಗೆ ಇನ್ನೂ ಹತ್ತರ ಪ್ರಾಯ, ಅವು ಬಿಳಿ ಐದರಿಂದಲೇ ಹೊರಡುತ್ತವೆ. ಗಂಟಲು ಮಾತ್ರ ಕಪ್ಪು ಒಂದಕ್ಕೆ ಇಳಿದಿದೆ. ಪಿಯಾನೋದಲ್ಲಿ ಟ್ರಾನ್ಸ್‌ಪೋಸ್ ಎಂಬ ಬಟನ್ ಉಂಟೆಂದು ಮೇಡಂ ತೋರಿಸಿದ ದಿನ ಮ್ಯಾನೇಜರ್ರಿಗೆ ಆ ವಾದ್ಯದ ಮೇಲೆ ಮೊದಲ ಸಲ ಗೌರವ ಹುಟ್ಟಿತು. ಮೈನಸ್ ಆರು ಹಾಕಿದರಾಯಿತು: ಬೆರಳು ಬಿಳಿ ಐದರಲ್ಲಿ, ನಾದ ಕಪ್ಪು ಒಂದರಲ್ಲಿ. ಅದನ್ನು ಅವರು "ಟ್ರಾನ್ಸ್‌ಫರ್ ಬಟನ್" ಎಂದೇ ಕರೆಯುತ್ತಾರೆ. ಮನೆ ಖಾಲಿ ಮಾಡದೆ, ಸಾಮಾನು ಕಟ್ಟದೆ ಆದ ಟ್ರಾನ್ಸ್‌ಫರ್ ಅವರ ಸರ್ವೀಸಿನಲ್ಲೇ ಇದೊಂದು.

ಆ ಧೈರ್ಯದಲ್ಲೇ ಒಂದು ಶನಿವಾರ ಪಿಯಾನೋವನ್ನು ಓಮ್ನಿಯಲ್ಲಿ ಹೇರಿಸಿಕೊಂಡು ಕಾಪುವಿನ ಭಜನೆಗೆ ಹೊರಟರು. ಆಟಿ ತಿಂಗಳ ಮಳೆ. ಗಣಪತಿಯ ಹಾಡು ಸುಸೂತ್ರ ಮುಗಿಯಿತು. ಗಂಡಸರೆಲ್ಲ ಕಪ್ಪು ಒಂದರಲ್ಲಿ ಆರಾಮವಾಗಿ ತಲೆದೂಗಿದರು. ಎರಡನೆಯದು ಶುರುವಾಗುವಷ್ಟರಲ್ಲಿ ಕರೆಂಟು ಹೋಯಿತು. ಯಾರೋ ಕಪಾಟಿನಿಂದ ಮಂಡಳಿಯ ಹಳೆಯ ಪೆಟ್ಟಿಗೆ ತೆಗೆದರು. ನುಸಿಗುಳಿಗೆಯ ವಾಸನೆ, ಮಳೆಗೆ ಮರ ಉಬ್ಬಿ ಕೀಯೊಂದು ಮೇಲೇಳುತ್ತಿಲ್ಲ. ಮ್ಯಾನೇಜರ್ರು ಚಕ್ಕಳಮಕ್ಕಳ ಹಾಕಿ ಕೂತರು. ಎಡಗೈ ಯಾರ ಅಪ್ಪಣೆಗೂ ಕಾಯದೆ ತಿದಿ ಹಿಡಿಯಿತು. ಬಲಗೈ ಹೋಗಿ ಬಿಳಿ ಐದರಲ್ಲಿ ಕೂತಿತು. ಇಲ್ಲಿ ಟ್ರಾನ್ಸ್‌ಫರ್ ಬಟನ್ ಇಲ್ಲ, ಅದು ಅವರಿಗೆ ನೆನಪೂ ಇಲ್ಲ.

ಪಲ್ಲವಿಗೆ ಗಂಡಸರ ಕೊರಳಿನ ನರ ಉಬ್ಬಿತು. ಅನುಪಲ್ಲವಿಯ ಮೇಲಿನ ಷಡ್ಜಕ್ಕೆ ಒಬ್ಬರು ಕೆಮ್ಮುತ್ತ ಹಿಂದೆ ಸರಿದರು, ಇನ್ನೊಬ್ಬರು ಚರಣ ಬರುವ ಮೊದಲೇ ದೀಪಕ್ಕೆ ಎಣ್ಣೆ ಹಾಕಲು ಎದ್ದರು. ಹೆಂಗಸರ ಸಾಲಿಗೆ ಮಾತ್ರ ಬಿಳಿ ಐದು ಹೇಳಿ ಮಾಡಿಸಿದ ಶ್ರುತಿ. ಮ್ಯಾನೇಜರ್ರ ಹೆಂಡತಿ ತಾಳದ ಜೋಡಿಯನ್ನು ಪಕ್ಕದವರಿಂದ ಕಸಿದುಕೊಂಡು ಮುಂದೆ ಬಂದು ಕೂತರು. "ನೀವು ಅದನ್ನೇ ಹಿಡೀರಿ, ಬಿಡ್ಬೇಡಿ" ಎಂದು ಗಂಡನಿಗೆ ಹೇಳಿ ಚರಣ ಎತ್ತಿಕೊಂಡರು.