ಒಂದು ‘ಇ’ ಕಡಿಮೆ

ಅಮೆರಿಕದ ಹಳೆಯ ರೈಲ್ವೆ ನೌಕರರ ಪತ್ರಿಕೆಗಳನ್ನು ಹುಡುಕಹೊರಟವರಿಗೆ ಮೊದಲ ತೊಡಕು ಒಂದೇ ಒಂದು ಅಕ್ಷರ. ಬಾಲ್ಟಿಮೋರ್ ಅಂಡ್ ಓಹಿಯೊ ಕಂಪನಿ 1912ರಲ್ಲಿ ತನ್ನ ನೌಕರರಿಗಾಗಿ ಮಾಸಪತ್ರಿಕೆ ತೆಗೆದಾಗ, ಹೆಸರಿನಲ್ಲಿದ್ದ ‘ಎಂಪ್ಲಾಯೀಸ್’ ಪದದ ಕೊನೆಯ ಭಾಗಕ್ಕೆ ಈಗಿನಂತೆ ಎರಡು ‘ಇ’ ಹಾಕದೆ ಒಂದರಲ್ಲೇ ಮುಗಿಸಿತ್ತು. ಆಗ ಅದೂ ರೂಢಿಯಲ್ಲಿತ್ತು. ಇವತ್ತು ಶುದ್ಧ ಕಾಗುಣಿತ ಕೊಟ್ಟರೆ ಗ್ರಂಥಾಲಯದ ಕಂಪ್ಯೂಟರು ‘ಇಲ್ಲ’ ಎಂದು ಕೈ ಅಲ್ಲಾಡಿಸಬಹುದು. ತಪ್ಪು ಬರೆದವನಿಗೇ ಪುಣ್ಯ!

ಸಿಕ್ಕಿದ ಮೇಲೆ ಒಳಗೇನಿದೆ? ಗುಮಾಸ್ತನ ಮದುವೆ, ಗಾರ್ಡ್ ಮನೆಯ ತೊಟ್ಟಿಲು, ಬೇಸ್‌ಬಾಲ್ ತಂಡದ ಸೋಲು, ನಿವೃತ್ತ ಚಾಲಕನ ಭರ್ಜರಿ ಮೀಸೆ. ನಡುನಡುವೆ ‘ಸೇಫ್ಟಿ ಫಸ್ಟ್’ ಉಪದೇಶ. ಕಂಪನಿಯ ಲಾಭನಷ್ಟದ ಲೆಕ್ಕ ಯಾರಿಗೆ ಬೇಕು? ವಂಶವೃಕ್ಷ ಕೆದಕುವವರು ಮುಗಿಬೀಳುವುದು ಈ ಹರಟೆಯ ಪುಟಗಳಿಗೇ.

ಇಂಗ್ಲೆಂಡಿನ ಗ್ರೇಟ್ ವೆಸ್ಟರ್ನ್ ರೈಲ್ವೆಯ ಪತ್ರಿಕೆಯಂತೂ 1888ರಲ್ಲಿ ಹುಟ್ಟಿದ್ದು ನೌಕರರ ಪಾನನಿರೋಧ ಸಂಘದ ಮಡಿಲಲ್ಲಿ. ಸಿಗ್ನಲ್ ದೀಪ ಒಂದಿದ್ದದ್ದು ಎರಡಾಗಿ ಕಾಣಬಾರದಲ್ಲ!

ಓದಿ ಮುಗಿಸಿದ ಸಂಚಿಕೆಯನ್ನು ಜೋಪಾನ ಮಾಡುವವರು ಕಡಿಮೆ. ಉಳಿದದ್ದಕ್ಕೂ ನೆಮ್ಮದಿಯಿಲ್ಲ. ಆ ಕಾಲದ ಮರದ ತಿರುಳಿನ ಕಾಗದ ತನ್ನೊಳಗಿನ ಆಮ್ಲದಿಂದಲೇ ಹಳದಿಯಾಗಿ, ಹಪ್ಪಳದಂತೆ ಮುರಿಯುತ್ತದೆ. ಪಿನ್ನು ತುಕ್ಕು ಹಿಡಿದು ನಡುಪುಟವನ್ನು ತಿನ್ನುತ್ತದೆ. ಹರಿದ ಕಡೆ ಪ್ರೀತಿಯಿಂದ ಅಂಟಿಸಿದ ಸೆಲೋ ಟೇಪು ಇವೆರಡಕ್ಕಿಂತ ದೊಡ್ಡ ಶತ್ರು. ಅದರ ಗೋಂದು ಕಲೆಯಾಗಿ ಕೂರುತ್ತದೆ.

ಆದ್ದರಿಂದ ಅಟ್ಟದ ಮೇಲೆ ಅಂಥ ಕಟ್ಟು ಸಿಕ್ಕವರು ಟೇಪನ್ನು ಡ್ರಾಯರಿನಲ್ಲೇ ಬಿಡಲಿ. ಸ್ಕ್ಯಾನ್ ಮಾಡುವಾಗ ಜಾಹೀರಾತಿನ ಪುಟಗಳನ್ನೂ ಬಿಡದಿರಲಿ. ಅಂದಿನ ಗಡಿಯಾರದ ಬೆಲೆ ಇರುವುದು ಅಲ್ಲೇ.