ಉಂಗುರದ ಬೆರಳಿನ ಪಂಚಾಯಿತಿ

ಪಿಯಾನೊ ಕಲಿಯುತ್ತಿದ್ದ ಹುಡುಗ ಕೇಳಿದ್ದು ಇಷ್ಟೇ: "ಉಂಗುರದ ಬೆರಳು ಮಾತು ಕೇಳುತ್ತಿಲ್ಲ, ಏನು ಮಾಡಲಿ?"

"ಬೆರಳು ಬಗ್ಗಿಸು," ಎಂದರು ಮೊದಲ ಪಂಡಿತರು.

"ಛೆ! ಪಿಯಾನೊ ಮಾಂತ್ರಿಕ ಹೊರೊವಿಟ್ಜ್ ನುಡಿಸಿದ್ದು ಚಪ್ಪಟೆ ಬೆರಳಲ್ಲೇ," ಎಂದರು ಎರಡನೆಯವರು.

"ಮೊದಲು ಕುರ್ಚಿ ಬದಲಿಸು," ಎಂದರು ಮೂರನೆಯವರು. "ಪಿಯಾನೊ ವಾದಕ ಗ್ಲೆನ್ ಗೌಲ್ಡ್‌ಗೆ ಅಪ್ಪ 14 ಇಂಚು ಎತ್ತರದ್ದು ಮಾಡಿಕೊಟ್ಟಿದ್ದರು."

"ನಮ್ಮಪ್ಪ ಬ್ಯಾಂಕಿನಲ್ಲಿದ್ದಾರೆ," ಎಂದ ಹುಡುಗ.

ಈ ಸಲಹೆಗಾರರ ವಂಶ ಹಳೆಯದು. 1814ರಲ್ಲಿ ಲೋಜಿಯೇ ಎಂಬವರು ಕೈಯನ್ನು ಹಿಡಿದಿಡುವ 'ಕೈರೊಪ್ಲಾಸ್ಟ್' ಯಂತ್ರಕ್ಕೆ ಪೇಟೆಂಟೇ ಪಡೆದರು. ಸಂಗೀತ ರಚನಕಾರ ಶೂಮನ್ ಕೂಡ ಬೆರಳಿನ ಯಂತ್ರವೊಂದನ್ನು ಬಳಸಿದರು. 1830ರ ದಶಕದ ಆರಂಭದಲ್ಲೇ ಬಲಗೈ ಕೆಟ್ಟು, ವಾದಕನಾಗುವ ಕನಸು ಮುಗಿಯಿತು. ಯಂತ್ರವೇ ಕಾರಣವೋ ಎಂಬ ಜಗಳ ಮಾತ್ರ ಇನ್ನೂ ಮುಗಿದಿಲ್ಲ. ಪ್ಯಾರಿಸ್‌ನಲ್ಲಿ ಪಿಯಾನೊ ಗುರು ಕಾಲ್ಕ್‌ಬ್ರೆನ್ನರ್ ಮೂರು ವರ್ಷ ಪಾಠ ಹೇಳುತ್ತೇನೆಂದಾಗ ಯುವ ಸಂಗೀತ ರಚನಕಾರ ಶೋಪ್ಯಾನ್ ಒಪ್ಪಲಿಲ್ಲ. ಆ ಗುರುಗಳಿಗೊಂದು ಕಾನ್ಸರ್ಟೊ ಕೃತಿ ಅರ್ಪಿಸಿ ಪಾರಾದರು. ಜಾಣರು!

"ನೋಯುತ್ತಿದೆ," ಎಂದ ಹುಡುಗ.

"ಶುಭಲಕ್ಷಣ! ಇನ್ನೂ ಜೋರಾಗಿ ಒತ್ತು," ಎಂದರು ನಾಲ್ಕನೆಯವರು. ಅವರ ಮನೆಯಲ್ಲಿ ಪಿಯಾನೊ ಇಲ್ಲ.

ಉಂಗುರದ ಬೆರಳನ್ನೆತ್ತುವ ಸ್ನಾಯುರಜ್ಜು ಪಕ್ಕದ ಬೆರಳುಗಳ ರಜ್ಜುಗಳಿಗೆ ಹೆಣೆದುಕೊಂಡಿದೆ. ಅದು ಒಂಟಿಯಾಗಿ ಹೆಚ್ಚು ಏಳುವುದಿಲ್ಲ. ನೋವಿದ್ದರೆ ನುಡಿಸುವುದನ್ನು ನಿಲ್ಲಿಸಿ, ನಿಮ್ಮ ಕೈಯನ್ನು ಕಣ್ಣಾರೆ ನೋಡಬಲ್ಲ ಶಿಕ್ಷಕರಿಗೋ ವೈದ್ಯರಿಗೋ ತೋರಿಸಿ.