ಜೊತೆಗೊಬ್ಬರು ಮೇಡಂ

ಮಕ್ಕಳನ್ನು ಮನೆಯಲ್ಲಿ ಬಿಟ್ಟು ಮುಂಬಯಿಗೆ ಬಂದಿಳಿದ ದಂಪತಿಗಳಲ್ಲಿ ಬಹಳ ಹೆಸರಾದವರು ಐದನೇ ಜಾರ್ಜ್ ಮತ್ತು ರಾಣಿ ಮೇರಿ. 1911ರ ಡಿಸೆಂಬರಿನಲ್ಲಿ, ದೆಹಲಿ ದರ್ಬಾರಿಗೆ ಹೋಗುವ ದಾರಿಯಲ್ಲಿ, ಅವರು ಅಪೊಲೊ ಬಂದರಿನಲ್ಲಿ ಹಡಗಿಳಿದಾಗ ಮಕ್ಕಳೆಲ್ಲ ಇಂಗ್ಲೆಂಡಿನಲ್ಲೇ ಉಳಿದಿದ್ದರು. ಅವರು ಬಂದ ನೆನಪಿಗೆಂದು ಎಬ್ಬಿಸಿದ ಗೇಟ್‌ವೇ ಆಫ್ ಇಂಡಿಯಾ ಕಟ್ಟಿ ಮುಗಿದದ್ದು 1924ರಲ್ಲಿ. ಹಾಗಾಗಿ ಅಷ್ಟು ದೂರ ಬಂದೂ ಗೇಟ್‌ವೇ ನೋಡದೆ ಹೋದವರು ಎಂಬ ಹೆಗ್ಗಳಿಕೆಯೂ ಅವರಿಗೇ ಸಲ್ಲಬೇಕು. ಆದರೆ ನಮಗೆ ಬೇಕಾದ ಸಂಗತಿ ಬೇರೆ. ಆ ಗಂಡ ಹೆಂಡತಿ ಇಬ್ಬರೇ ಬಂದಿರಲಿಲ್ಲ. ಇವರ ಮಾತನ್ನು ಅವರಿಗೆ, ಅವರ ಮಾತನ್ನು ಇವರಿಗೆ ಮುಟ್ಟಿಸಲು ಹಡಗಿನ ತುಂಬ ಪರಿವಾರವಿತ್ತು. ಇಂದು ಅದೇ ಗೇಟ್‌ವೇ ಮುಂದೆ ಪಾರಿವಾಳ ಓಡಿಸುತ್ತ ನಿಂತ ತುಮಕೂರಿನ ದಂಪತಿಗೆ ಅಷ್ಟೆಲ್ಲ ಅನುಕೂಲವಿಲ್ಲ. ಅವರು ಪರಿವಾರದ ಬದಲಿಗೆ ಒಬ್ಬರು ಮೇಡಮ್ಮನ್ನು ಕರೆತಂದಿರುತ್ತಾರೆ.

ಈ ಮೇಡಂ ಹೆಂಡತಿಯ ಸ್ನೇಹಿತೆ. ಹೈಸ್ಕೂಲಿನಲ್ಲೋ ಬ್ಯಾಂಕಿನಲ್ಲೋ ಕೆಲಸ, ವಯಸ್ಸು ನಲವತ್ತರ ಆಚೀಚೆ. ಅವರಿಗೂ ಗಂಡನಿದ್ದಾನೆ, ಆದರೆ ಆ ಗಂಡನಿಗೆ ಯಾವ ಕಾಲಕ್ಕೂ ರಜೆ ಸಿಗುವುದಿಲ್ಲ. ಹೆಗಲಿಗೆ ಅಡ್ಡಲಾಗಿ ಹಾಕಿದ ಪರ್ಸಿನಲ್ಲಿ ಸೇಫ್ಟಿ ಪಿನ್ನು, ಅಮೃತಾಂಜನ, ಒಣಶುಂಠಿ, ಮೂವರ ಆಧಾರ್ ಕಾರ್ಡಿನ ಜೆರಾಕ್ಸು, ರಬ್ಬರ್ ಬ್ಯಾಂಡ್ ಹಾಕಿದ ಲೆಕ್ಕದ ಪುಸ್ತಕ ಇರುತ್ತವೆ. ಬ್ಯಾಗಿನಲ್ಲಿ ಮೂರು ದಿನಕ್ಕಾಗುವಷ್ಟು ಕೋಡುಬಳೆ. ಗಂಡ ಅವರನ್ನು ‘ಮೇಡಂ’ ಎನ್ನುತ್ತಾನೆ, ಅವರು ಅವನನ್ನು ‘ಸರ್’ ಎನ್ನುತ್ತಾರೆ. ಹೆಂಡತಿಯ ಜೊತೆ ಮಾತ್ರ ‘ಬಾರೇ, ಹೋಗೇ’. ಈ ಎರಡು ಬಗೆಯ ಸಲುಗೆ ಒಂದೇ ನಾಲಿಗೆಯಲ್ಲಿರುವುದು ಎಷ್ಟು ದೊಡ್ಡ ಅರ್ಹತೆ ಎಂಬುದು ಉದ್ಯಾನ್ ಎಕ್ಸ್‌ಪ್ರೆಸ್ ಗುಂತಕಲ್ಲು ಮುಟ್ಟುವಷ್ಟರಲ್ಲೇ ಗೊತ್ತಾಗುತ್ತದೆ. ಊರಿನಲ್ಲಿ ನೆಂಟರು ಇಂಥವರ ಬಗ್ಗೆ ಸುಮ್ಮಸುಮ್ಮನೆ ಮರುಗುವುದುಂಟು: ಪಾಪ, ಗಂಡ ಹೆಂಡತಿ ಹೋಗುವಾಗ ನಡುವೆ ಇವಳ್ಯಾಕೆ ಹೋದಳೋ ಎಂದು. ಇವರಿಲ್ಲದೆ ಆ ಇಬ್ಬರು ಹೋಗುವುದಾದರೂ ಹೇಗೆ ಎಂಬುದನ್ನು ಮಾತ್ರ ಆ ನೆಂಟರು ಯೋಚಿಸಿದ ಹಾಗಿಲ್ಲ.

ನನ್ನ ವಾದ ಇಷ್ಟೇ. ಮದುವೆಯಾಗಿ ಹದಿನೈದು ವರ್ಷ ದಾಟಿದ ಮನೆಯಲ್ಲಿ ಗಂಡ ಹೆಂಡತಿ ನೇರವಾಗಿ ಮಾತಾಡುವುದು ತೀರ ಕಡಿಮೆ. ಮಾತೆಲ್ಲ ಮಕ್ಕಳ ಮೂಲಕ ಸಾಗುತ್ತದೆ. ‘ಅಪ್ಪಂಗೆ ಹೇಳು, ತಟ್ಟೆ ಹಾಕಿದೀನಿ ಅಂತ.’ ‘ಅಮ್ಮನ್ನ ಕೇಳು, ಬೀರು ಕೀ ಎಲ್ಲಿಟ್ಟಿದಾಳೆ ಅಂತ.’ ಮಾತು ಹತ್ತಡಿ ದೂರದಲ್ಲಿ ಕೂತ ಅಪ್ಪನ ಕಿವಿಗೆ ಆಗಲೇ ಬಿದ್ದಿರುತ್ತದೆ. ಆದರೂ ಮಗು ಬಂದು ಅದನ್ನೇ ಇನ್ನೊಮ್ಮೆ ಹೇಳುವ ತನಕ ಆತ ಪೇಪರು ಮಡಿಸುವುದಿಲ್ಲ. ಸಿಟ್ಟಿನ ದಿನವಂತೂ ಮಗುವಿಗೆ ಓವರ್‌ಟೈಮು. ಕೆಲಸ ಇಷ್ಟಕ್ಕೇ ಮುಗಿಯಲಿಲ್ಲ. ಮದುವೆ ಮನೆಯಿಂದ ಬೇಗ ಹೊರಡಬೇಕೆನಿಸಿದರೆ ಮಗುವಿಗೆ ನಿದ್ದೆ ಬಂದಿರುತ್ತದೆ. ಇನ್ನೊಂದು ಹೋಳಿಗೆ ಬೇಕೆನಿಸಿದರೆ ಮಗುವಿಗೆ ಹೋಳಿಗೆ ಇಷ್ಟ. ಸಾರು ಖಾರವಾಗಿದೆಯೆಂದು ಹೇಳುವ ಧೈರ್ಯವಿಲ್ಲದಿದ್ದರೆ ಮಗುವಿಗೆ ಖಾರ ಆಯಿತು. ಹೀಗೆ ಸಂಸಾರದ ಟಪಾಲು ಇಲಾಖೆ, ವಿದೇಶಾಂಗ ಇಲಾಖೆ ಎರಡನ್ನೂ ನಡೆಸುತ್ತಿದ್ದ ಸಿಬ್ಬಂದಿಯನ್ನು ಅಜ್ಜಿ ಮನೆಯಲ್ಲಿ ಇಳಿಸಿ, ‘ಈ ಸಲ ನಾವಿಬ್ರೇ ಹಾಯಾಗಿ ಹೋಗ್ಬರೋಣ’ ಎಂದು ಹೊರಟರೆ ಆ ಹುದ್ದೆ ಖಾಲಿ ಬೀಳುತ್ತದೆ. ಮೇಡಂ ಬರುವುದು ಆ ಹುದ್ದೆಗೆ. ಸಂಬಳವಿಲ್ಲ, ಖರ್ಚಿನಲ್ಲಿ ಮೂರನೇ ಒಂದು ಪಾಲನ್ನು ಅವರೇ ಕೊಡಬೇಕು.

ಇದು ಬಾಯಿಗೆ ಬಂದಂತೆ ಆಡಿದ ಮಾತಲ್ಲ ಎನ್ನುವುದಕ್ಕೆ ಮುಂಬಯಿಯ ಸಾರಿಗೆ ವ್ಯವಸ್ಥೆಯೇ ಸಾಕ್ಷಿ. ದಕ್ಷಿಣ ಮುಂಬಯಿಯೊಳಕ್ಕೆ ಆಟೋ ಬರುವಂತಿಲ್ಲ. ಹಾಗಾಗಿ ಕಪ್ಪು ಹಳದಿ ಟ್ಯಾಕ್ಸಿಯೇ ಗತಿ. ಹಿಂದಿನ ಸೀಟಿನಲ್ಲಿ ಹೆಂಗಸರಿಬ್ಬರು, ಮುಂದೆ ಡ್ರೈವರ ಪಕ್ಕ ಗಂಡ. ಗಂಡನಿಗೆ ಬಾರದ ಮರಾಠಿ, ಡ್ರೈವರನಿಗೆ ಬೇಡದ ಹಿಂದಿ, ಇವುಗಳ ನಡುವೆ ಹುತಾತ್ಮಾ ಚೌಕ ಯಾವ ಕಡೆಗೆ ಹೋಯಿತೆಂದು ತಿಳಿಯುವುದಿಲ್ಲ. ಲೋಕಲ್ ರೈಲು ಹತ್ತಿದರೆ ಇನ್ನೂ ಅಚ್ಚುಕಟ್ಟು. ಹೆಂಗಸರು ಲೇಡೀಸ್ ಡಬ್ಬಿಗೆ, ಗಂಡ ಜನರಲ್ ಡಬ್ಬಿಗೆ. ಅಲ್ಲಿನ ಬೆಂಚು ಮೂವರಿಗೆಂದು ಮಾಡಿದ್ದು. ನಾಲ್ಕನೆಯವನು ಅರ್ಧ ಕೂತು ಅರ್ಧ ಕಾಲೂರುವುದು ಆ ಊರಿನ ಸಂಪ್ರದಾಯ. ತನ್ನ ಬ್ಯಾಗನ್ನೂ ಹೆಂಡತಿಯ ಬ್ಯಾಗನ್ನೂ ತೊಡೆಯ ಮೇಲಿಟ್ಟುಕೊಂಡು ಆ ನಾಲ್ಕನೆಯ ಜಾಗದಲ್ಲಿ ತೂಗುತ್ತಿರುವ ಗಂಡನಿಗೆ ದಾದರಿನಲ್ಲಿ ಇಳಿಯಬೇಕೆಂದು ಫೋನು ಬರುತ್ತದೆ. ಮಾಡಿದವರು ಮೇಡಂ, ಹಿಂದಿನಿಂದ ಹೇಳಿಕೊಡುವ ದನಿ ಮಾತ್ರ ಹೆಂಡತಿಯದು. ರಾತ್ರಿ ಲಾಡ್ಜಿನಲ್ಲಿ ಎರಡು ರೂಮು. ಒಂದರಲ್ಲಿ ಸ್ನೇಹಿತೆಯರು ಎರಡು ಗಂಟೆಯ ತನಕ ಹಳೆಯ ಹಾಸ್ಟೆಲ್ಲಿನ ಮಾತಾಡುತ್ತಾರೆ, ಇನ್ನೊಂದರಲ್ಲಿ ಗಂಡ ಟಿವಿಯಲ್ಲಿ ಕನ್ನಡ ಚಾನೆಲ್ ಹುಡುಕುತ್ತಾನೆ. ಇನ್ನು ಮರೀನ್ ಡ್ರೈವ್. ಮೂರೂವರೆ ಕಿಲೋಮೀಟರಿಗೂ ಮಿಕ್ಕಿದ ಆ ಕಡಲ ಕಟ್ಟೆಯ ಮೇಲೆ ಊರಿಗೆ ಬೆನ್ನು ಕೊಟ್ಟು ಎಷ್ಟೋ ಜೋಡಿಗಳು ಕೂತಿರುತ್ತವೆ. ನಮ್ಮವರೂ ಕೂರುತ್ತಾರೆ, ಆದರೆ ಗಂಡ, ಮೇಡಂ, ಹೆಂಡತಿ ಎಂಬ ಕ್ರಮದಲ್ಲಿ. ಇದನ್ನು ಅಡ್ಡಿ ಎಂದುಕೊಳ್ಳುವವರಿಗೆ ಸಂಸಾರ ಗೊತ್ತಿಲ್ಲ. ಆ ಕಡೆಯಿಂದ ‘ಇವ್ರಿಗೆ ಗಾಳಿ ಆಗಲ್ಲ ಕಣೇ, ಆಮೇಲೆ ರಾತ್ರಿಯೆಲ್ಲ ಸೀನ್ತಾರೆ’ ಎಂದು ಹೊರಟ ಮಾತು ಈ ಕಡೆಗೆ ತಲುಪುವಾಗ ‘ಸರ್, ಇನ್ನು ಏಳೋಣ್ವಾ?’ ಎಂದಾಗಿರುತ್ತದೆ. ದಾರಿಯಲ್ಲಿ ಖಾರ ತೆಗೆದು ಮುಟ್ಟಿಸುವ ಇಂಥ ಸೌಕರ್ಯ ಯಾವ ಕೊರಿಯರ್ ಕಂಪನಿಯಲ್ಲೂ ಸಿಗದು.

ಲೆಕ್ಕದ ಮನುಷ್ಯರು ಇಲ್ಲಿ ತಕರಾರು ತೆಗೆಯುತ್ತಾರೆ. ಮೇಡಂ ಬರುವುದು ಖರ್ಚು ಹಂಚಿಕೊಳ್ಳಲು, ಅದಕ್ಕೆ ಇಷ್ಟೆಲ್ಲ ತತ್ವ ಯಾಕೆ ಎನ್ನುತ್ತಾರೆ. ಟ್ಯಾಕ್ಸಿ ಮೀಟರು ಇಬ್ಬರಾದರೂ ಮೂವರಾದರೂ ಅಷ್ಟೇ ಓಡುತ್ತದೆ, ನಿಜ. ಆದರೆ ಒಂದು ರೂಮಿನಲ್ಲಿ ಮುಗಿಯುತ್ತಿದ್ದದ್ದು ಎರಡಾಯಿತಲ್ಲ? ಟ್ಯಾಕ್ಸಿಯಲ್ಲಿ ಉಳಿದದ್ದನ್ನು ಲಾಡ್ಜು ನುಂಗಿ ಇನ್ನೂ ಬಾಯಿ ತೆರೆದಿರುತ್ತದೆ. ಇಷ್ಟಾದರೂ ದಂಪತಿ ಮುಂದಿನ ಸಲವೂ ಮೇಡಮ್ಮನ್ನೇ ಕರೆಯುತ್ತಾರೆಂದರೆ ಕಾರಣ ದುಡ್ಡಲ್ಲ. ಫೋಟೋ ತೆಗೆಯಲು ಬೇಕಲ್ಲ ಎಂಬುದು ಇನ್ನೊಂದು ವಾದ; ಇದರಲ್ಲಿ ಅರೆಪಾಲು ಸತ್ಯವಿದೆ. ಬರೇ ಫೋಟೋಗಾದರೆ ಸೆಲ್ಫಿ ಕಡ್ಡಿ ಸಾಕು, ಗೇಟ್‌ವೇ ಎದುರು ಕೈಯಲ್ಲೇ ಪ್ರಿಂಟು ಕೊಡುವ ಫೋಟೋಗ್ರಾಫರುಗಳೂ ಇದ್ದಾರೆ. ಆದರೆ ತಾಜ್ ಹೋಟೆಲು ಹಿಂದೆ ಕಾಣುವಂತೆ, ನಡುವೆ ಒಂದು ಸೂಟ್‌ಕೇಸು ಇಡುವಷ್ಟು ಜಾಗ ಬಿಟ್ಟು, ಫೋನ್ ಪೇ ಬೋರ್ಡು ನೋಡುವ ಮುಖದಲ್ಲಿ ನಿಂತ ಗಂಡ ಹೆಂಡತಿಗೆ, ‘ಏನ್ ಸರ್, ಪಾಸ್‌ಪೋರ್ಟ್ ಫೋಟೋನಾ? ಸ್ವಲ್ಪ ಹತ್ರ ನಿಂತ್ಕೊಳ್ಳಿ. ಏ, ನೀನೂ ಸರಿಯೇ ಈಕಡೆ’ ಎಂದು ಹೇಳುವವರು ಬೇಕು. ತಾವಾಗಿ ಹತ್ತಿರ ನಿಲ್ಲಲು ಇಬ್ಬರಿಗೂ ನಾಚಿಕೆ. ಮೇಡಂ ಹೇಳಿದರು ಎಂದು ನಿಲ್ಲಬಹುದು. ಕಡ್ಡಿಗೆ ಈ ಅಧಿಕಾರವಿಲ್ಲ.

ಅಧಿಕಾರವೆಂದರೆ ಬಹಳ ಎಚ್ಚರದಿಂದ ಚಲಾಯಿಸಬೇಕಾದ ಅಧಿಕಾರ. ಶಿವನೊಬ್ಬನಿಗೇ ಪ್ರದಕ್ಷಿಣೆ ಹಾಕುತ್ತೇನೆ, ಪಾರ್ವತಿಗೆ ಹಾಕುವುದಿಲ್ಲ ಎಂದು ಹಟ ಹಿಡಿದ ಭೃಂಗಿಗೆ ಏನಾಯಿತೆಂದು ಗೊತ್ತೇ ಇದೆ: ಮೈಯ ರಕ್ತಮಾಂಸ ಹೋಗಿ ಎಲುಬಿನ ಹಂದರವಾದ, ನಿಲ್ಲುವುದಕ್ಕೆ ಮೂರನೆಯ ಕಾಲು ಬೇಡಿ ಪಡೆಯಬೇಕಾಯಿತು. ದಂಪತಿಯ ಜೊತೆ ಹೋಗಿ ಒಬ್ಬರ ಪಕ್ಷ ವಹಿಸಿದ ಮೂರನೆಯವರ ಗತಿ ಅದು. ಪಳಗಿದ ಮೇಡಂ ಆ ತಪ್ಪು ಮಾಡುವುದಿಲ್ಲ. ಸೋಮವಾರ ಬೆಳಿಗ್ಗೆ ಬಿಸಿಲು ಕಾಯಿಸಿಕೊಂಡು ಎಲಿಫೆಂಟಾ ಲಾಂಚಿನ ಟಿಕೆಟ್ಟು ಕೇಳಲು ಹೋದಾಗ, ಸೋಮವಾರ ಗುಹೆಗಳಿಗೆ ರಜೆ ಎಂದು ತಿಳಿಯುತ್ತದೆ. ಸೋಮವಾರವೇ ಶಿವನನ್ನು ನೋಡಬೇಕೆಂದು ಹಟ ಮಾಡಿದವಳು ಹೆಂಡತಿ. ಎಲ್ಲ ವಿಚಾರಿಸಿದ್ದೇನೆ ಎಂದವನು ಗಂಡ. ಇಂಥ ಮೊಕದ್ದಮೆ ಮನೆಯಲ್ಲಾದರೆ ಯುಗಾದಿಯ ತನಕ ನಡೆಯುತ್ತದೆ. ಮೇಡಂ ಅರೆಕ್ಷಣ ಯೋಚಿಸಿ, ‘ಛೆ, ಆ ವೆಬ್‌ಸೈಟಿನವ್ರು ದೊಡ್ಡದಾಗಿ ಬರೀಬಾರ್ದಾ?’ ಎನ್ನುತ್ತಾರೆ. ಆರೋಪಿ ಮೂರನೆಯವನಾದ, ಫಿರ್ಯಾದಿ, ಪ್ರತಿವಾದಿ ಇಬ್ಬರೂ ಒಟ್ಟಾಗಿ ಅವನನ್ನು ಬೈಯುತ್ತ ಮ್ಯೂಸಿಯಮ್ಮಿನ ಕಡೆ ನಡೆಯುತ್ತಾರೆ. ಊಟದ ವಿಷಯದಲ್ಲೂ ಹೀಗೆಯೇ. ಹೆಂಡತಿಗೆ ಬೀದಿ ಬದಿಯ ವಡಾಪಾವ್ ಆಸೆ, ಗಂಡನಿಗೆ ಎರಡು ಹೊತ್ತಿಗೊಮ್ಮೆ ಅನ್ನ ಸಾರು ಬೀಳದಿದ್ದರೆ ತಲೆ ತಿರುಗುತ್ತದೆ. ಬೆಳಿಗ್ಗೆ ವಡಾಪಾವ್, ಮಧ್ಯಾಹ್ನ ಮಾಟುಂಗಾ ಎಂದು ತೀರ್ಪಾಗುತ್ತದೆ. ಅಲ್ಲಿ 1942ರಲ್ಲಿ ರಾಮ ನಾಯಕರು ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆಲೆಯ ಮುಂದೆ ಕೂತ ಗಂಡನ ಮುಖಕ್ಕೆ ಬರುವ ಕಳೆ ಅವನು ಗೇಟ್‌ವೇ ನೋಡಿದಾಗಲೂ ಬಂದಿರಲಿಲ್ಲ. ಕೊಲಾಬಾ ಕಾಸ್‌ವೇಯಲ್ಲಿ ಆರನೇ ಚೀಲಕ್ಕೆ ಹೆಂಡತಿ ಕೈ ಹಾಕಿದಾಗ, ‘ಮೇಡಂ, ಮನೇಲಿ ಇಂಥವು ಎಷ್ಟಿವೆ ಅಂತ ನಿಮ್ಗೇ ಗೊತ್ತಲ್ಲ’ ಎಂದು ಅವನು ದೂರುವುದೂ ಅವರ ಬಳಿಯೇ. ಆ ದೂರು ಮಾತ್ರ ಯಾವತ್ತೂ ವಿಚಾರಣೆಗೆ ಬರುವುದಿಲ್ಲ, ಏಕೆಂದರೆ ಮೇಡಂ ಕೈಯಲ್ಲೂ ಅಂಥದೇ ಎರಡು ಚೀಲ ಇರುತ್ತವೆ.

ಹಾಗಾದರೆ ಆ ಇಬ್ಬರ ನಡುವೆ ಪ್ರೀತಿ ಬತ್ತಿದೆಯೆ, ಹೊಸದಾಗಿ ಮದುವೆಯಾದವರು ಇಬ್ಬರೇ ಊಟಿಗೆ ಹೋಗುವುದಿಲ್ಲವೆ ಎಂದು ಕೇಳಬಹುದು. ಹೋಗುತ್ತಾರೆ. ಅವರ ಬಳಿ ಇನ್ನೂ ಹಳೆ ಬಾಕಿಯಿಲ್ಲ, ಯಾವ ಮಾತನ್ನು ಎತ್ತಿದರೆ ಯಾವ ವರ್ಷದ ಜಗಳ ಜೊತೆಗೆ ಎದ್ದು ಬರುತ್ತದೆ ಎಂಬ ಭಯವಿಲ್ಲ. ಹದಿನೈದು ವರ್ಷದವರಿಗೆ ಆ ನಕ್ಷೆ ಬಾಯಿಪಾಠ. ನೇರವಾಗಿ ಮಾತಾಡದಿರುವುದು ಅವರ ಒಲವು ಕಡಿಮೆಯಾದದ್ದರ ಗುರುತಲ್ಲ, ಇರುವುದನ್ನು ಜೋಪಾನ ಮಾಡುವ ರೀತಿ. ಮೇಡಂಗೆ ಇದರಿಂದ ಏನು ಲಾಭ ಎಂಬ ಪ್ರಶ್ನೆ ಇದಕ್ಕಿಂತ ಗಟ್ಟಿ. ಮುಂಬಯಿ ನೋಡಬೇಕಾಗಿದ್ದರೆ ಸಹೋದ್ಯೋಗಿಗಳ ಜೊತೆ ಹೋಗಬಹುದಿತ್ತು, ಟೂರ್ ಬಸ್ಸುಗಳಿಗೇನು ಬರವೇ? ನನಗೆ ತೋರುವುದು ಹೀಗೆ. ತನ್ನ ಮನೆಯಲ್ಲಿ ಅವರೂ ಒಬ್ಬ ಕಕ್ಷಿದಾರರು. ಇಲ್ಲಿ ಮಾತ್ರ ನ್ಯಾಯಾಧೀಶರು. ಬೇರೆಯವರ ಸಂಸಾರವನ್ನು, ಕೆಟ್ಟರೂ ತನಗೆ ನಷ್ಟವಿಲ್ಲದ ಜಾಗದಲ್ಲಿ ಕೂತು, ಮೂರು ದಿನ ಹತ್ತಿರದಿಂದ ನೋಡುವ ಸುಖ ಸಣ್ಣದಲ್ಲ. ಅದೂ ಅಲ್ಲದೆ, ಲೋಕಲ್ಲಿನಲ್ಲಿ ಬ್ಯಾಗು ತಬ್ಬಿಕೊಂಡು ದಾದರು ದಾಟಿ ಮುಂದಕ್ಕೆ ಹೋಗಿಬಿಟ್ಟ ಈ ಗಂಡನನ್ನು ಕಂಡ ಮೇಲೆ, ರಜೆ ಸಿಗದ ತನ್ನ ಗಂಡ ಅಷ್ಟೇನೂ ದಡ್ಡನಲ್ಲ ಎಂಬ ಸಮಾಧಾನ ಟಿಕೆಟ್ಟಿನ ದುಡ್ಡಿಗೆ ಸಮ.

ಈ ವಾದ ನಿಲ್ಲುತ್ತದೋ ಬೀಳುತ್ತದೋ ಎಂಬುದನ್ನು ಪರೀಕ್ಷಿಸಲು ಒಂದೇ ದಾರಿ: ಮೇಡಮ್ಮನ್ನು ತೆಗೆದು ನೋಡುವುದು. ಮಂಗಳವಾರ ವಡಾಪಾವಿನ ಕೃಪೆಯಿಂದ ಅವರಿಗೆ ಹೊಟ್ಟೆ ಕೆಟ್ಟಿತೆನ್ನಿ, ಲಾಡ್ಜಿನಲ್ಲೇ ಉಳಿದು ‘ನೀವಿಬ್ರೂ ಹೋಗ್ಬನ್ನಿ’ ಎಂದರೆನ್ನಿ. ಲಾಂಚಿನಲ್ಲಿ ಒಂದು ಗಂಟೆ ಗಂಡ ಎಡಗಡೆಯ ಸಮುದ್ರ ನೋಡುತ್ತಾನೆ, ಹೆಂಡತಿ ಬಲಗಡೆಯದನ್ನು. ನೂರಿಪ್ಪತ್ತು ಮೆಟ್ಟಿಲು ಹತ್ತಿ ಗುಹೆಯೊಳಗೆ ಬಂದರೆ ಇಪ್ಪತ್ತಡಿ ಎತ್ತರದ ಸದಾಶಿವ. ಅವನ ಒಂದು ಪಕ್ಕ ಅರ್ಧನಾರೀಶ್ವರ, ಇನ್ನೊಂದು ಪಕ್ಕ ಗಂಗಾಧರ. ಅರ್ಧನಾರೀಶ್ವರನಲ್ಲಿ ಇಬ್ಬರೂ ಸೇರಿ ಒಂದೇ ಮೈಯಾಗಿದ್ದರೂ ಸುತ್ತ ದೇವತೆಗಳ ಜಾತ್ರೆ. ಗಂಗಾಧರನಲ್ಲಂತೂ ಪಾರ್ವತಿ ಪಕ್ಕದಲ್ಲಿ ನಿಂತಿರುವಾಗಲೇ ಮೇಲಿನಿಂದ ಗಂಗೆ ಇಳಿಯುತ್ತಿದ್ದಾಳೆ. ಗಂಗೆ ಗೌರಿಯರ ಜಗಳದ ಹಾಡು ಕೇಳಿ ಬೆಳೆದ ಕನ್ನಡದವರಿಗೆ ಮುಂದಿನದನ್ನು ಯಾವ ಗೈಡೂ ಹೇಳಬೇಕಿಲ್ಲ. ಶಿವ ಪಾರ್ವತಿಯರನ್ನು ಇಬ್ಬರನ್ನೇ ಬಿಟ್ಟ ಒಂದು ಶಿಲ್ಪವೂ ಅಲ್ಲಿಲ್ಲ, ಕೆತ್ತಿದವರು ಸಂಸಾರಸ್ಥರಿದ್ದಿರಬೇಕು. ನೋಡಿ ಮುಗಿಸಿ ಹೊರಗೆ ಬಂದರೆ ನೆತ್ತಿ ಸುಡುವ ಬಿಸಿಲು. ಗಂಡನ ಬರಿತಲೆ ಕೆಂಪಾಗುತ್ತಿರುವುದನ್ನು ಹೆಂಡತಿ ನೋಡುತ್ತಾಳೆ, ಬ್ಯಾಗಿನಲ್ಲಿ ಟೋಪಿ ಇದೆ, ಎರಡಡಿ ದೂರದಲ್ಲಿ ತಲೆಯೂ ಇದೆ. ಅವಳು ಫೋನು ತೆಗೆದು ತುಮಕೂರಿಗೆ ವಿಡಿಯೋ ಕಾಲ್ ಮಾಡುತ್ತಾಳೆ. ‘ಪುಟ್ಟೀ, ಊಟ ಆಯ್ತಾ? ಅಪ್ಪಂಗೆ ಸ್ವಲ್ಪ ಟೋಪಿ ಹಾಕ್ಕೊಳಕ್ಕೆ ಹೇಳು.’ ಫೋನು ಗಂಡನ ಕಡೆ ತಿರುಗುತ್ತದೆ. ‘ಅಪ್ಪಾ, ಟೋಪಿ ಹಾಕ್ಕೋಬೇಕಂತೆ.’ ‘ಹಾಕ್ಕೋತೀನಿ. ನೀರಿನ ಬಾಟ್ಲು ಎಲ್ಲಿಟ್ಟಿದಾಳೆ ಕೇಳು.’ ಫೋನು ಮತ್ತೆ ತಿರುಗುತ್ತದೆ. ‘ಅಮ್ಮಾ, ಬಾಟ್ಲು ಅಂತೆ. ಬೇಗ ಹೇಳು, ಇಲ್ಲಿ ನಂದು ಬ್ಯಾಟಿಂಗು.’